ಆನ್‌ಲೈನ್ ಎಂ.ಎಸ್ಸಿ. ನರ್ಸಿಂಗ್: ಫೀಸು ಕಟ್ಟುವ ಮುಂಚೆ ಇಷ್ಟು ನೋಡಿ

ಹೋದ ವರ್ಷ ಆಷಾಢದಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸರಸ್ವತಿಪುರಂನ ನಮ್ಮ ಮನೆಗೆ ಬಂದಳು. ಕೈಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟು. 'ಎಂ.ಎಸ್ಸಿ. ನರ್ಸಿಂಗ್ ಮುಗೀತು ಮೇಡಂ. ಒಂದೇ ವರ್ಷ, ಎಲ್ಲಾ ಆನ್‌ಲೈನ್' ಅಂದಳು. 85 ಸಾವಿರ ಕಟ್ಟಿದ್ದಳು. ಅವಳ ಸಂಬಳ ತಿಂಗಳಿಗೆ 19 ಸಾವಿರ. ಟ್ಯೂಟರ್ ಕೆಲಸಕ್ಕೆ ಹೋದ ಕಡೆ ಆ ಕಾಗದವನ್ನು ಎರಡು ನಿಮಿಷ ತಿರುಗಿಸಿ ನೋಡಿ ವಾಪಸ್ ಕೊಟ್ಟಿದ್ದರು. ಯಾಕೆ ಅಂತ ಅವಳಿಗೆ ಗೊತ್ತಾಗಿರಲಿಲ್ಲ. ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೀಗೆ ಮೋಸ ಹೋಗಿ ನನ್ನ ಹತ್ತಿರ ಬಂದವರಲ್ಲಿ ಅವಳು ಮೂರನೆಯವಳು. ಅದಕ್ಕೇ ಈ ಲೇಖನ.

ಮೊದಲ ಹೆಜ್ಜೆ, ಈ ಡಿಗ್ರಿ ಎಲ್ಲಿ ಓಡಬೇಕು ಅಂತ ತೀರ್ಮಾನ ಮಾಡಿ. ಎಲ್ಲರೂ 'ಯಾವುದು ಅಗ್ಗ' ಅನ್ನುವುದರಿಂದ ಶುರು ಮಾಡುತ್ತಾರೆ. ಎಡವುವುದು ಅಲ್ಲೇ.

ನಮ್ಮ ದೇಶದಲ್ಲೇ ಟ್ಯೂಟರ್, ಲೆಕ್ಚರರ್ ಆಗಬೇಕು ಅಂದರೆ ಆನ್‌ಲೈನ್ ಮರೆತುಬಿಡಿ. ಇದರಲ್ಲಿ 'ಆದರೆ' ಇಲ್ಲ. ಆನ್‌ಲೈನ್ ಮತ್ತು ದೂರಶಿಕ್ಷಣದಲ್ಲಿ ಕಲಿಸಬಾರದು ಅಂತ ಯುಜಿಸಿ ಪಟ್ಟಿ ಮಾಡಿರುವ ವಿಷಯಗಳಲ್ಲಿ ನರ್ಸಿಂಗ್ ಇದೆ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಪ್ರಕಾರ ಎಂ.ಎಸ್ಸಿ. ಅಂದರೆ ಎರಡು ವರ್ಷದ ರೆಗ್ಯುಲರ್ ಕೋರ್ಸು. ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಲ್ಲಿ 55 ಪರ್ಸೆಂಟ್, ಒಂದು ವರ್ಷದ ಅನುಭವ, ಕೈಯಲ್ಲಿ ರಿಜಿಸ್ಟ್ರೇಷನ್ ಇರಬೇಕು. ಆಮೇಲೆ ವಾರ್ಡಿನಲ್ಲಿ ನಿಂತು ಕಲಿಯಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಕೋರ್ಸುಗಳಿವೆ, ಮುಕ್ತಗಂಗೋತ್ರಿಯ ಮುಕ್ತ ವಿವಿಯಲ್ಲೂ ಇವೆ. ನರ್ಸಿಂಗ್ ಎಂ.ಎಸ್ಸಿ. ಮಾತ್ರ ಎರಡು ಕಡೆಯೂ ಇಲ್ಲ. ಇರುವುದಕ್ಕೂ ಸಾಧ್ಯವಿಲ್ಲ.

'ಇಗ್ನೋದಲ್ಲಿ ಇತ್ತಲ್ಲ ಮೇಡಂ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಕೆಲಸದಲ್ಲಿರುವ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ನರ್ಸ್‌ಗಳಿಗೆ, ಆಸ್ಪತ್ರೆಯ ಪ್ರಾಕ್ಟಿಕಲ್ ಸಮೇತ ನಡೆಸಿದ ಡಿಗ್ರಿ. ಮಾಸ್ಟರ್ಸ್ ಅಲ್ಲ.

ಹಾಗಾಗಿ ಇಲ್ಲೇ ಇರುವವರು ರಾಜೀವ್ ಗಾಂಧಿ ಆರೋಗ್ಯ ವಿವಿಗೆ ಸೇರಿದ ಕಾಲೇಜುಗಳ ಪಟ್ಟಿ ತೆಗೆದು, ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಯಾವುದಿದೆ ನೋಡಿ. ಸರ್ಕಾರಿ ನೌಕರಿಯಲ್ಲಿದ್ದರೆ ಓದುವುದಕ್ಕೆ ಡೆಪ್ಯುಟೇಷನ್ ಸಿಗುತ್ತದಾ ಅಂತ ಆಫೀಸಿನಲ್ಲಿ ಕೇಳಿ. ನಿಮ್ಮ ಮಟ್ಟಿಗೆ ಲೇಖನ ಇಲ್ಲಿಗೇ ಮುಗಿಯಿತು.

ಮುಂದಿನದ್ದು ಹೊರದೇಶದ ದಾರಿ ಹಿಡಿದವರಿಗೆ, ಅದರಲ್ಲೂ ಅಮೆರಿಕದ ಆನ್‌ಲೈನ್ ಎಂಎಸ್‌ಎನ್ (ಅಲ್ಲಿನ ನರ್ಸಿಂಗ್ ಮಾಸ್ಟರ್ಸ್) ನೋಡುತ್ತಿರುವವರಿಗೆ. ಅಲ್ಲಿ ಆನ್‌ಲೈನ್ ಮಾಸ್ಟರ್ಸ್ ನಿಜವಾಗಿಯೂ ಇದೆ, ಅದಕ್ಕೆ ಬೆಲೆಯೂ ಇದೆ. ಆದರೆ ಸೇರುವ ಮುಂಚೆಯೇ ಅಲ್ಲಿನ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಕೇಳುವ ಕಾಲೇಜುಗಳೇ ಜಾಸ್ತಿ. ಅಂದರೆ ಮೊದಲು ಎನ್‌ಕ್ಲೆಕ್ಸ್, ಆ ಲೈಸೆನ್ಸಿಗೆ ಪಾಸಾಗಬೇಕಾದ ಪರೀಕ್ಷೆ. ಪರೀಕ್ಷೆ ಬೆಂಗಳೂರಿನಲ್ಲೇ ಬರೆಯಬಹುದು. ಎನ್‌ಕ್ಲೆಕ್ಸ್ ಬಿಟ್ಟು ಮಾಸ್ಟರ್ಸ್‌ಗೆ ದುಡ್ಡು ಕಟ್ಟುವುದು ಅಂದರೆ ಅಡಿಪಾಯ ಹಾಕದೆ ತಾರಸಿಗೆ ಕಂಬಿ ತಂದಂತೆ.

ಎರಡನೇ ಹೆಜ್ಜೆ ಮಾನ್ಯತೆ ನೋಡುವುದು. ನಾನು ಕಂಡಂತೆ ಹತ್ತರಲ್ಲಿ ಎಂಟು ಜನ ಕೆಡಿಸಿಕೊಳ್ಳುವುದು ಇಲ್ಲೇ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಅಮೆರಿಕದಲ್ಲಿ ಎರಡು ಮಾನ್ಯತೆ ಇರುತ್ತದೆ. ಒಂದು ಇಡೀ ಯೂನಿವರ್ಸಿಟಿಗೆ, ಇನ್ನೊಂದು ನರ್ಸಿಂಗ್ ಕೋರ್ಸಿಗೆ. ಎರಡೂ ಬೇಕು. ನರ್ಸಿಂಗಿಗೆ ಮುಖ್ಯವಾಗಿ ಸಿಸಿಎನ್‌ಇ, ಎಸಿಇಎನ್ ಅನ್ನುವ ಎರಡು ಸಂಸ್ಥೆಗಳಿವೆ. ಕಾಲೇಜಿನ ಪುಟದಲ್ಲಿ ಅವುಗಳ ಮುದ್ರೆ ಕಂಡರೆ ನಂಬಬೇಡಿ. ಮುದ್ರೆಯ ಚಿತ್ರ ಯಾರು ಬೇಕಾದರೂ ಅಂಟಿಸಬಹುದು, ಅಲ್ವಾ? ಆ ಸಂಸ್ಥೆಯ ವೆಬ್‌ಸೈಟಿಗೇ ಹೋಗಿ ಕಾಲೇಜಿನ ಹೆಸರು ಹುಡುಕಿ. ಹೆಸರು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಹೆಸರಿನ ಪಕ್ಕ ಯಾವ ಕೋರ್ಸಿಗೆ ಅಂತ ಬರೆದಿರುತ್ತದೆ. ಬಿಎಸ್‌ಎನ್‌ಗೆ (ಅಲ್ಲಿನ ನರ್ಸಿಂಗ್ ಬ್ಯಾಚುಲರ್ ಡಿಗ್ರಿಗೆ) ಮಾನ್ಯತೆ ಇದ್ದು ಎಂಎಸ್‌ಎನ್‌ಗೆ ಇಲ್ಲದಿರಬಹುದು. ಯಾವ ವರ್ಷದ ತನಕ ಅನ್ನುವುದನ್ನೂ ನೋಡಿ. 'ಅರ್ಜಿ ಹಾಕಿದ್ದೇವೆ, ಬಂದೇ ಬಿಡುತ್ತದೆ' ಅನ್ನುವುದು ಮಾನ್ಯತೆಯಲ್ಲ. ಬಂದ ಮೇಲೆ ಸೇರಿದರಾಯಿತು.

ವರ್ಷ ನೋಡಿ ಅನ್ನುವುದಕ್ಕೆ ಮೈಸೂರಿನವರಿಗೆ ಬೇರೆ ಉದಾಹರಣೆ ಬೇಕಿಲ್ಲ. 2012–13ರ ನಂತರ ಮುಕ್ತ ವಿವಿಗೆ ಮಾನ್ಯತೆ ಇಲ್ಲ ಅಂತ 2015ರಲ್ಲಿ ಯುಜಿಸಿ ಹೇಳಿದಾಗ, ಅಷ್ಟರಲ್ಲಾಗಲೇ ಓದುತ್ತಿದ್ದವರ ಪಾಡು ಏನಾಯಿತು ಅಂತ ಈ ಊರು ನೋಡಿದೆ. 2018ರಲ್ಲಿ ಮಾನ್ಯತೆ ಮರಳಿತು, ಸರಿ. ನಡುವಿನ ವರ್ಷಗಳು ಯಾರಿಗೂ ಮರಳಲಿಲ್ಲ.

ಮೂರನೆಯದು ಕ್ಲಿನಿಕಲ್ ಗಂಟೆಗಳು. 'ನೂರಕ್ಕೆ ನೂರು ಆನ್‌ಲೈನ್' ಅಂದರೆ ಪಾಠ ಮಾತ್ರ ಆನ್‌ಲೈನ್. ನರ್ಸ್ ಪ್ರಾಕ್ಟೀಷನರ್, ಅಂದರೆ ರೋಗ ಪತ್ತೆ ಮಾಡಿ ಚಿಕಿತ್ಸೆ ಕೊಡುವ ನರ್ಸ್ ಆಗಬೇಕಾದರೆ ರೋಗಿಗಳನ್ನು ನೇರವಾಗಿ ನೋಡಿದ ಗಂಟೆಗಳು ಬೇಕು. ಮೊದಲು ಕನಿಷ್ಠ 500 ಗಂಟೆ ಇತ್ತು, 2022ರ ಹೊಸ ಮಾನದಂಡ ಅದನ್ನು 750ಕ್ಕೆ ಏರಿಸಿದೆ. ವಾರಕ್ಕೆ 15 ಗಂಟೆಯಂತೆ ಮಾಡಿದರೂ 50 ವಾರ. ಅದನ್ನು ಇಲ್ಲಿನ ಕೆ.ಆರ್. ಆಸ್ಪತ್ರೆಯಲ್ಲೋ ಮಂಡ್ಯದ ಮಿಮ್ಸ್‌ನಲ್ಲೋ ಮಾಡಿಬಿಡುತ್ತೇನೆ ಅಂದುಕೊಳ್ಳಬೇಡಿ. ಅಲ್ಲಿಯ ರಾಜ್ಯದಲ್ಲಿ, ಅಲ್ಲಿಯ ಲೈಸೆನ್ಸ್ ಇಟ್ಟುಕೊಂಡು, ಕಾಲೇಜು ಒಪ್ಪಿದ ಪ್ರಿಸೆಪ್ಟರ್ (ಜೊತೆಗಿದ್ದು ಕಲಿಸುವ ಅನುಭವಿ) ಕೆಳಗೆ ಮಾಡಬೇಕು. ಆ ಪ್ರಿಸೆಪ್ಟರನ್ನು ಯಾರು ಹುಡುಕಬೇಕು ಅಂತಲೂ ಕೇಳಿ. ಕೆಲವು ಕಾಲೇಜು ಹುಡುಕಿಕೊಡುತ್ತವೆ. ಕೆಲವು 'ನೀವೇ ನೋಡಿಕೊಳ್ಳಿ' ಅನ್ನುತ್ತವೆ. ಹೊಸ ಊರಲ್ಲಿ ಗುರುತು ಪರಿಚಯ ಇಲ್ಲದವರಿಗೆ ಎರಡನೆಯದು ದೊಡ್ಡ ತಲೆನೋವು. ಅಲ್ಲಿ ಕಾಲೂರುವ ತನಕ ನರ್ಸಿಂಗ್ ಎಜುಕೇಷನ್ ಅಥವಾ ಇನ್ಫರ್ಮ್ಯಾಟಿಕ್ಸ್ (ಆಸ್ಪತ್ರೆಯ ಕಂಪ್ಯೂಟರ್ ಮಾಹಿತಿಯ ಕೆಲಸ) ಹಿಡಿಯುವುದೇ ಮೇಲು ಅನ್ನುತ್ತೇನೆ ನಾನು. ಗಂಟೆಗಳ ಕಾಟ ಅವುಗಳಲ್ಲಿ ಕಡಿಮೆ.

ಒಂದು ಮಾತು ನಡುವೆ. 'ಒಂದೇ ಸಿಟ್ಟಿಂಗಿನಲ್ಲಿ ಮಾಸ್ಟರ್ಸ್', 'ನಿಮ್ಮ ಅನುಭವಕ್ಕೇ ಡಿಗ್ರಿ' ಅನ್ನುವ ಫೋನ್ ಬಂದರೆ ಇಟ್ಟುಬಿಡಿ. ಹತ್ತು ವರ್ಷ ನೈಟ್ ಡ್ಯೂಟಿ ಮಾಡಿದ್ದಕ್ಕೆ ಡಿಗ್ರಿ ಕೊಡುವುದಾದರೆ ನಮ್ಮ ಹಳೇ ವಾರ್ಡ್ ಸಿಸ್ಟರುಗಳಿಗೆಲ್ಲ ಎರಡೆರಡು ಪಿಎಚ್‌.ಡಿ. ಬರಬೇಕಿತ್ತು.

ಇನ್ನು ದುಡ್ಡು. ಫೀಸು ಕಟ್ಟಿಸಿಕೊಳ್ಳುವ ರೀತಿ ಎರಡು. ಒಂದು ಕ್ರೆಡಿಟ್ ಲೆಕ್ಕ, ಕ್ರೆಡಿಟ್ ಅಂದರೆ ಓದನ್ನು ಅಳೆಯುವ ಅಂಶ. ಸುಮ್ನೆ ಉದಾಹರಣೆಗೆ, ಕ್ರೆಡಿಟ್ಟಿಗೆ 400 ಡಾಲರ್, ಒಟ್ಟು 36 ಕ್ರೆಡಿಟ್ ಅಂದರೆ 14,400 ಡಾಲರ್. ಇನ್ನೊಂದು ಅವಧಿ ಲೆಕ್ಕ. ವೆಸ್ಟರ್ನ್ ಗವರ್ನರ್ಸ್ ಯೂನಿವರ್ಸಿಟಿಯಲ್ಲಿ ಹೀಗಿದೆ. ಆರು ತಿಂಗಳಿಗೆ ಇಷ್ಟು ಅಂತ ಕಟ್ಟಿ, ಆ ಅವಧಿಯಲ್ಲಿ ಎಷ್ಟು ಪೇಪರ್ ಬೇಕಾದರೂ ಮುಗಿಸಬಹುದು. ಬೇಗ ಓದುವವರಿಗೆ ಇದು ಅಗ್ಗ. ಡಬಲ್ ಡ್ಯೂಟಿ ಮಾಡಿ, ಮನೆಗೆ ಬಂದು ಮಕ್ಕಳಿಗೆ ಅಡುಗೆ ಮಾಡುವವರಿಗೆ ಆರು ತಿಂಗಳು ಕಣ್ಣುಮುಚ್ಚಿ ಬಿಡುವುದರೊಳಗೆ ಕಳೆದುಹೋಗುತ್ತದೆ, ಮತ್ತೆ ಪೂರ್ತಿ ಫೀಸು. ಅಂಥವರಿಗೆ ಕ್ರೆಡಿಟ್ ಲೆಕ್ಕವೇ ವಾಸಿ.

ಜಾಹೀರಾತಿನಲ್ಲಿ ಕಾಣುವುದು ಟ್ಯೂಷನ್ ಫೀಸು ಮಾತ್ರ. ಒಂದು ಹಾಳೆ ತೆಗೆದುಕೊಂಡು ಉಳಿದದ್ದನ್ನೂ ಬರೆಯಿರಿ. ಟೆಕ್ನಾಲಜಿ ಫೀಸು, ಪುಸ್ತಕ, ಕ್ಲಿನಿಕಲ್ ಪ್ಲೇಸ್‌ಮೆಂಟ್ ಶುಲ್ಕ, ಹಿನ್ನೆಲೆ ಪರಿಶೀಲನೆ, ಲಸಿಕೆ ದಾಖಲೆ, ಕ್ಯಾಂಪಸ್ಸಿಗೆ ನಾಲ್ಕು ದಿನ ಬನ್ನಿ ಅಂದರೆ ಅದರ ಓಡಾಟ, ಇಲ್ಲಿಂದ ಕಟ್ಟುವುದಾದರೆ ಬ್ಯಾಂಕಿನವರ ಕಮಿಷನ್. ಒಂದು ಪೇಪರ್ ಫೇಲಾದರೆ ಮತ್ತೆ ಎಷ್ಟು ಅನ್ನುವುದನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿ. 'ಇವತ್ತೇ ಕಟ್ಟಿದರೆ ಡಿಸ್ಕೌಂಟ್' ಅನ್ನುವವರ ಹತ್ತಿರ ಮಾತ್ರ ಏನನ್ನೂ ಕೇಳಬೇಡಿ, ಎದ್ದು ಬನ್ನಿ.

ಕ್ಲಾಸಿನ ಸಮಯ. ಅಮೆರಿಕದ ಪೂರ್ವ ಭಾಗದಲ್ಲಿ ಬೇಸಿಗೆಯ ಸಂಜೆ 7 ಗಂಟೆ ಅಂದರೆ ನಮಗೆ ಬೆಳಗಿನ ಜಾವ 4.30. ನೈಟ್ ಡ್ಯೂಟಿಯಲ್ಲಿ ಬ್ಲಡ್ ಸ್ಯಾಂಪಲ್ ತೆಗೆಯುವ ಹೊತ್ತು ಅದು. ಇಲ್ಲಿದ್ದುಕೊಂಡೇ ಶುರು ಮಾಡುವವರು ರೆಕಾರ್ಡ್ ಮಾಡಿದ ಪಾಠ ಇರುವ ಕೋರ್ಸನ್ನೇ ಆರಿಸಿ. ಮೊಬೈಲಿನಲ್ಲಿ ಓದುತ್ತೇನೆ ಅನ್ನಬೇಡಿ, ಪರೀಕ್ಷೆಗೆ ಕ್ಯಾಮೆರಾ ಇರುವ ಲ್ಯಾಪ್‌ಟಾಪ್ ಬೇಕೇ ಬೇಕು. ಸೆಕೆಂಡ್‌ಹ್ಯಾಂಡ್ ಆದರೂ ನಡೆಯುತ್ತದೆ, ಬ್ಯಾಟರಿ ಮಾತ್ರ ಹೊಸದು ಹಾಕಿಸಿ. ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಲ್ಲಿ ಕರೆಂಟು ನಿಮ್ಮ ಪರೀಕ್ಷೆ ನೋಡಿಕೊಂಡು ಹೋಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಎರಡೋ ಮೂರೋ ಕಾಲೇಜು ಉಳಿಯುತ್ತವೆ. ಅವಕ್ಕೆ ಒಂದೇ ಇಮೇಲ್ ಬರೆಯಿರಿ. ಕೇಳಬೇಕಾದ್ದು ನಾಲ್ಕು: ನಾನು ಭಾರತದಲ್ಲಿದ್ದುಕೊಂಡು ಸೇರಬಹುದಾ? ಯಾವ ಲೈಸೆನ್ಸ್ ಬೇಕು? ಕ್ಲಿನಿಕಲ್ ಎಲ್ಲಿ, ಯಾರು ಹುಡುಕುತ್ತಾರೆ? ಕೊನೆಯ ದಿನದ ತನಕ ಒಟ್ಟು ಖರ್ಚು ಎಷ್ಟು? ನಾಲ್ಕಕ್ಕೂ ಬರಹದಲ್ಲಿ ಉತ್ತರ ಕೊಟ್ಟ ಕಾಲೇಜು ಇಟ್ಟುಕೊಳ್ಳಿ. ಉತ್ತರ ಬರೆಯದೆ ಫೋನ್ ಮೇಲೆ ಫೋನ್ ಮಾಡುವ ಕಾಲೇಜನ್ನು ಹೊಡೆದುಹಾಕಿ.

ಅರ್ಜಿ ತುಂಬುವುದು ಸುಲಭ, ಒಂದು ಸಂಜೆಯ ಕೆಲಸ. ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ (ಓದಿದ ವಿಷಯ, ಅಂಕಗಳ ಅಧಿಕೃತ ದಾಖಲೆ) ತರಿಸುವುದು ಹಾಗಲ್ಲ. ಅದಕ್ಕೆ ಇವತ್ತೇ ಹಾಕಿ, ಎರಡು ಪ್ರತಿ ಜಾಸ್ತಿಯೇ ಕೇಳಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ನರ್ಸಿಂಗ್ ರಿಜಿಸ್ಟ್ರೇಷನ್, ಪಾಸ್‌ಪೋರ್ಟ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಥರ ಇದೆಯಾ ಅಂತ ಪಕ್ಕಪಕ್ಕ ಇಟ್ಟು ನೋಡಿ. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಸಿಕೊಂಡವರು ಎರಡು ಸಲ ನೋಡಿ.