ಕಾರಿನ ಹಿಂದಿನ ಸಸ್ಪೆನ್ಷನ್‌ನಲ್ಲಿ ಕಟಕಟ: ಕಳ್ಳನನ್ನು ಹಿಡಿಯುವುದು ಹೇಗೆ?

ನನ್ನ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನ ಹಿಂದೆ ಕಟಕಟ ಶುರುವಾದಾಗ ಸುಮ್ನೆ ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿದೆ. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ. ನೀವು ಹಾಗೆ ಮಾಡಬೇಡಿ.

ಮೊದಲು ಡಿಕ್ಕಿ ಖಾಲಿ ಮಾಡಿ. ಜ್ಯಾಕ್, ಸ್ಪ್ಯಾನರ್ ಎಲ್ಲ ತೆಗೆದಿಡಿ. ನಗಬೇಡಿ, ಎಷ್ಟೋ ಸಲ ಕಳ್ಳ ಅಲ್ಲೇ ಇರುತ್ತಾನೆ. ಆಮೇಲೆ ಕಿಟಕಿ ಇಳಿಸಿ, ಒರಟು ರಸ್ತೆಯಲ್ಲಿ ನಿಧಾನಕ್ಕೆ ಹೋಗಿ. ಬ್ರೇಕ್ ಹಗುರವಾಗಿ ಒತ್ತಿದಾಗ ಸದ್ದು ನಿಂತರೆ ಬ್ರೇಕ್ ಪ್ಯಾಡ್ ಅಥವಾ ಅದನ್ನು ಒತ್ತುವ ಕ್ಯಾಲಿಪರ್ ನೋಡಿ.

ಒಂದೇ ಚಕ್ರ ಗುಂಡಿಗೆ ಇಳಿದಾಗ ಸದ್ದು, ಎರಡೂ ಒಟ್ಟಿಗೆ ಹಂಪ್ ಹತ್ತಿದಾಗ ಮೌನ. ಹೀಗಿದ್ದರೆ ಆಂಟಿ-ರೋಲ್ ಬಾರ್‌ನ ಲಿಂಕ್ ಮೇಲೆ ನನ್ನ ಅನುಮಾನ. ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಎಡ-ಬಲ ಚಕ್ರಗಳನ್ನು ಬೆಸೆಯುವ ಸರಳೇ ಆ ಬಾರ್; ಅದರ ತುದಿಯನ್ನು ಚಕ್ರದ ಕಡೆಗೆ ಜೋಡಿಸುವ ಚಿಕ್ಕ ಕಡ್ಡಿಯೇ ಲಿಂಕ್. ಎರಡೂ ಚಕ್ರ ಸಮವಾಗಿ ಎದ್ದರೆ ಆ ಬಾರ್ ತಿರುಚಿಕೊಳ್ಳುವುದೇ ಇಲ್ಲ, ಅಲ್ವಾ? ನನ್ನ ಕಾರಿನಲ್ಲೂ ಇದೇ ಆಗಿತ್ತು. ಆದರೆ ಒಂದು ಕಡೆ ಜ್ಯಾಕ್ ಹಾಕಿ ಎತ್ತಿ ನೋಡಿದಾಗ ಲಿಂಕ್ ಗಟ್ಟಿಯಾಗೇ ಇತ್ತು! ಹಾಗೆ ಎತ್ತಿದಾಗ ಬಾರ್ ಬಿಗಿದುಕೊಂಡು ಸಡಿಲ ಗೊತ್ತಾಗುವುದಿಲ್ಲ. ಕಾರಿನ ಹಿಂದಿನ ಎರಡೂ ಚಕ್ರಗಳನ್ನು ರ‍್ಯಾಂಪ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ. ಭಾರ ಚಕ್ರದ ಮೇಲಿರುವಾಗಲೇ ಲಿಂಕ್ ಹಿಡಿದು ಜೋರಾಗಿ ಅಲ್ಲಾಡಿಸಿ. ಬೆರಳಿಗೆ ‘ಟಿಕ್’ ಅಂತ ತಾಗಿದರೆ ಸಿಕ್ಕಿಬಿತ್ತು. ಎರಡೂ ಕಡೆಯದನ್ನು ಬದಲಿಸಿ.

ಅದಲ್ಲದಿದ್ದರೆ ಶಾಕ್‌ನ ಮೇಲಿನ ಮೌಂಟ್ (ಅದು ಬಾಡಿಗೆ ಸೇರುವ ಜಾಗ) ಮೇಲೆ ಕೈಯಿಟ್ಟು, ಇನ್ನೊಬ್ಬರಿಂದ ಕಾರಿನ ಹಿಂಭಾಗ ಒತ್ತಿಸಿ. ಎಕ್ಸಾಸ್ಟ್‌ನ ಬಿಸಿ ತಡೆಯುವ ತಗಡು, ಅಂದರೆ ಹೀಟ್ ಶೀಲ್ಡನ್ನೂ ತಣ್ಣಗಿದ್ದಾಗ ಮುಷ್ಟಿಯಿಂದ ತಟ್ಟಿ ನೋಡಿ. ರಬ್ಬರ್ ಬುಷ್ (ಜೋಡಣೆಯ ಒಳಗಿನ ರಬ್ಬರ್ ಕೊಳವೆ) ಇರುವ ಬೋಲ್ಟ್ ಬಿಚ್ಚಿದ್ದರೆ, ಕೊನೆಯ ಬಿಗಿತ ಮಾತ್ರ ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದಾಗಲೇ ಕೊಡಿ. ಇಲ್ಲದಿದ್ದರೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.