ಮನೇಲಿ ಜೇಡ ಕಂಡ್ರೆ ಪೊರಕೆ ಎತ್ತೋಕೆ ಮುಂಚೆ

ಜೇಡ ಅಂದ್ರೆ ಸಾಕು, ಒಂದೇ ಮನೇಲಿ ನಾಲ್ಕು ಜನ ನಾಲ್ಕು ಥರ ಆಡ್ತಾರೆ. ಒಬ್ರು ಕಿರುಚ್ಕೊಂಡು ಮಂಚ ಹತ್ತಿಬಿಡ್ತಾರೆ, ಒಬ್ರು ಚಪ್ಪಲಿ ತಗೊಂಡು ಒಂದೇ ಏಟು, ಇನ್ನೊಬ್ರು ಅಯ್ಯೋ ಪಾಪ ಅದು ಈಶ್ವರನ ಪೂಜೆ ಮಾಡಿದ ಪ್ರಾಣಿ ಬಿಟ್ಬಿಡ್ರೋ ಅಂತ ಅಡ್ಡ ಬರ್ತಾರೆ, ಮತ್ತೊಬ್ರು ಜೇಡ ನೋಡಲ್ಲ, ಬಲೆ ನೋಡಿ ನೆಂಟರು ಏನಂದ್ಕೊಂಡ್ರೋ ಅಂತ ನಾಚಿಕೆ ಪಡ್ತಾರೆ. ಇಷ್ಟು ವರ್ಷ ಹೆಂಚಿನ ಮನೇಲೂ ಇದ್ದು ಈಗ ಮಗನ ಜೊತೆ ಅಪಾರ್ಟ್‌ಮೆಂಟಲ್ಲೂ ಇದ್ದು ನೋಡಿದ್ದೀನಿ, ಇವರಲ್ಲಿ ಯಾರ್ದೂ ಸುಳ್ಳಲ್ಲ. ಆದ್ರೆ ಎಲ್ಲರೂ ಬಲೆ ಮತ್ತೆ ಜೇಡ ಎರಡನ್ನೂ ಒಂದೇ ಅಂತ ತಿಳ್ಕೊಂಡು ಗಲಾಟೆ ಮಾಡ್ತಾರೆ. ನಾನು ಸೊಸೆಗೂ ಹೇಳೋದು ನಿಮಗೂ ಹೇಳೋದು ಇಷ್ಟೇ, ಬಲೆ ತೆಗೀರಿ, ಜೇಡನ ಬಿಡಿ, ಬಿಡೋಕೆ ಆಗದೇ ಇದ್ರೆ ಹೊರಗೆ ಸಾಗಿಸಿ, ಕೊಲ್ಲೋಕೆ ಮಾತ್ರ ಹೋಗ್ಬೇಡಿ.

ಬಲೆ ಇದ್ರೆ ದರಿದ್ರ, ಲಕ್ಷ್ಮಿ ನಿಲ್ಲಲ್ಲ ಅಂತ ಹಿರೀಕರು ಹೇಳ್ತಿದ್ರಲ್ಲ, ಅದನ್ನ ಮೂಢನಂಬಿಕೆ ಅಂತ ತಳ್ಳಿಹಾಕೋ ಅಗತ್ಯ ಇಲ್ಲ. ಕಟ್ಟಿಗೆ ಒಲೆ ಇದ್ದ ಕಾಲದಲ್ಲಿ ಅಡುಗೆಮನೆ ಜಂತೆಗೆ ಬಲೆ ಕಟ್ಟಿ, ಅದಕ್ಕೆ ಹೊಗೆ ಹಿಡಿದು ಇಲ್ಲಣ ಆಗಿ ಕರ್ರಗೆ ನೇತಾಡೋದು, ಸಾರಿಗೆ ಒಂದು ಚೂರು ಬಿದ್ರೆ ಇಡೀ ಪಾತ್ರೆ ಚೆಲ್ಲಬೇಕಿತ್ತು. ಹಂಗಾಗಿ ಯುಗಾದಿ ಮುಂಚೆ, ಗೌರಿ ಹಬ್ಬದ ಮುಂಚೆ, ಮಹಾನವಮಿ ಮುಂಚೆ ಜೇಡ ಹೊಡೆಯೋದು, ಅಂದ್ರೆ ಬಲೆ ತೆಗೆಯೋದು, ಅಂತ ಒಂದು ಕೆಲಸಾನೇ ಇರ್ತಿತ್ತು. ನಮ್ಮತ್ತೆ ಮಂಗಳವಾರ ಶುಕ್ರವಾರ ಮಾತ್ರ ಜೇಡ ಹೊಡೆಯೋಕೆ ಬಿಡ್ತಿರಲಿಲ್ಲ. ಅದೇ ಅತ್ತೇನೇ ಶ್ರೀಕಾಳಹಸ್ತಿ ಕಥೆ ಹೇಳೋರು, ಜೇಡ ಹಾವು ಆನೆ ಮೂರೂ ಶಿವನ ಪೂಜೆ ಮಾಡಿ ಮುಕ್ತಿ ಪಡೆದ ಕಥೆ, ಜೇಡ ಲಿಂಗಕ್ಕೆ ನೂಲಲ್ಲೇ ಗುಡಿ ಕಟ್ಟಿತ್ತಂತೆ. ಬಲೆ ಹೊಡಿ ಅನ್ನೋರೂ ಅವರೇ, ಜೇಡನ ಸಾಯಿಸ್ಬೇಡ ಅನ್ನೋರೂ ಅವರೇ, ನನಗೆ ಅದರಲ್ಲಿ ಯಾವ ತಕರಾರೂ ಕಾಣಲ್ಲ, ಇವತ್ತಿಗೂ ಹಂಗೇ ಮಾಡ್ತೀನಿ.

ಮೊದಲು ಮನೇಲಿರೋ ಜೇಡ ಯಾವುದು ಅಂತ ಗುರುತು ಹಿಡಿಯೋದು ಕಲೀರಿ, ಅರ್ಧ ಭಯ ಅಲ್ಲೇ ಹೋಗುತ್ತೆ. ನಮ್ಮ ಕಡೆ ಮನೆಗಳಲ್ಲಿ ಜಾಸ್ತಿ ಕಾಣೋದು ಮೂರು ಥರ. ಒಂದು, ಬಚ್ಚಲುಮನೆ ಮೂಲೆ, ಮಂಚದ ಕೆಳಗೆ, ಗ್ಯಾಸ್ ಸಿಲಿಂಡರ್ ಹಿಂದೆ ತಲೆಕೆಳಗಾಗಿ ನೇತಾಡ್ಕೊಂಡಿರೋದು, ಮೈ ಪುಟ್ಟದು, ಕಾಲು ಮಾತ್ರ ತುಂಬ ಸಣ್ಣ ತುಂಬ ಉದ್ದ. ಮುಟ್ಟಿದ್ರೆ ಬಲೆ ಸಮೇತ ಗಡಗಡ ಅಂತ ಅಲ್ಲಾಡುತ್ತೆ, ಅದು ನಮ್ಮನ್ನ ಹೆದರಿಸೋಕಲ್ಲ, ತಾನು ಎಲ್ಲಿದ್ದೀನಿ ಅಂತ ಸರಿಯಾಗಿ ಕಾಣಬಾರದು ಅಂತ. ಮನೇಲಿ ಕಸ ಕಸ ಅನ್ನಿಸೋ ಬಲೆ ಎಲ್ಲ ಹೆಚ್ಚುಕಮ್ಮಿ ಇದರದ್ದೇ. ಸೊಳ್ಳೆ ತಿನ್ನುತ್ತೆ, ಬೇರೆ ಜೇಡನೂ ಹಿಡಿದು ತಿನ್ನುತ್ತೆ. ಅದರ ಬಲೇಲಿ ಒಣಗಿದ ಜೇಡಗಳು ಸಾಲಾಗಿ ನೇತಾಡ್ತಿರೋದು ನೋಡಿ ಅಯ್ಯಪ್ಪಾ ಇಷ್ಟೊಂದಿದ್ಯಾ ಅಂತ ಗಾಬರಿ ಆಗೋರಿದ್ದಾರೆ, ಎಷ್ಟೋ ಸಲ ಅವು ಜೇಡಗಳಲ್ಲ, ಅದೇ ಜೇಡ ಬೆಳೀತಾ ಬೆಳೀತಾ ಬಿಟ್ಟ ಪೊರೆ.

ಎರಡನೇದು ಗೋಡೆ ಮೇಲೆ ಚಪ್ಪಟೆಯಾಗಿ ಕೂರೋ ಕಂದು ಬಣ್ಣದ ದೊಡ್ಡ ಜೇಡ, ಕಾಲು ಚಾಚಿದ್ರೆ ಅಂಗೈ ಅಗಲ, ಎಲ್ಲರಿಗೂ ಪ್ರಾಣ ಹೋಗೋದು ಇದನ್ನ ನೋಡಿನೇ. ಇದು ಬಲೇನೇ ಕಟ್ಟಲ್ಲ. ಹಗಲು ಫೋಟೋ ಹಿಂದೆ, ಸಜ್ಜೆ ಮೇಲೆ ಸುಮ್ನೆ ಮಲಗಿರುತ್ತೆ, ರಾತ್ರಿ ಜಿರಲೆ ಹುಡುಕ್ಕೊಂಡು ಬರುತ್ತೆ. ರಾತ್ರಿ ನೀರು ಕುಡಿಯೋಕೆ ಅಂತ ಎದ್ದಾಗ ಸಿಂಕ್ ಪಕ್ಕ ನಾನೇ ನಿಂತು ನೋಡಿದ್ದೀನಿ, ಜಿರಲೆ ಮೀಸೆ ಅಲ್ಲಾಡಿಸ್ಕೊಂಡು ಹತ್ತಿರ ಬರೋವರೆಗೂ ಒಂದು ಕಾಲೂ ಕದಲಿಸಲಿಲ್ಲ, ಆಮೇಲೆ ಏನಾಯ್ತು ಅಂತ ಕಣ್ಣಿಗೆ ಕಾಣಲೇ ಇಲ್ಲ, ಜಿರಲೆ ಅದರ ಬಾಯಲ್ಲಿತ್ತು. ಬೆಳಗ್ಗೆ ಕಟ್ಟೆ ಕೆಳಗೆ ಜಿರಲೆ ರೆಕ್ಕೆ ಕಾಲು ಅಷ್ಟೇ ಬಿದ್ದಿತ್ತು. ಕೆಲವು ಸಲ ಹೊಟ್ಟೆ ಕೆಳಗೆ ಬಿಳಿ ಬಿಲ್ಲೆ ಹಿಡ್ಕೊಂಡು ಓಡಾಡುತ್ತಲ್ಲ, ಅದು ಹೆಣ್ಣು, ಆ ಬಿಲ್ಲೆ ಒಳಗೆ ಮೊಟ್ಟೆ ಇರುತ್ತೆ, ನೂರಾರು. ಅದನ್ನ ಪೊರಕೆಲಿ ಬಡಿದ್ರೆ, ಒಳಗೆ ಮರಿ ಆಗಿದ್ರೆ ಮನೆ ತುಂಬ ಚೆಲ್ಲಾಪಿಲ್ಲಿ ಆಗುತ್ತೆ, ಹಂಗಾಗಿ ಮೊಟ್ಟೆ ಸಮೇತ ಹೊರಗೆ ಬಿಡೋದೇ ವಾಸಿ.

ಮೂರನೇದು ಪುಟಾಣಿ ಹಾರೋ ಜೇಡ, ಕಿಟಕಿ ಹತ್ರ ಟಿವಿ ಪಕ್ಕ ಹಗಲು ಹೊತ್ತಲ್ಲೇ ಓಡಾಡ್ಕೊಂಡಿರುತ್ತೆ, ನೊಣ ಸೊಳ್ಳೆ ಹಿಡಿಯುತ್ತೆ. ಇದನ್ನ ಒಂದ್ಸಲ ಕೂತು ನೋಡಿ. ಬೆರಳು ಹತ್ತಿರ ತಂದ್ರೆ ತಿರುಗಿ ನಮ್ಮನ್ನೇ ನೋಡುತ್ತೆ, ಮುಂದೆ ಎರಡು ದೊಡ್ಡ ಕಣ್ಣು, ಬೆರಳು ಸರಿಸಿದ್ರೆ ಅದೂ ಆ ಕಡೆ ತಿರುಗುತ್ತೆ. ಹಾರೋಕೆ ಮುಂಚೆ ಗೋಡೆಗೆ ಒಂದು ಎಳೆ ಅಂಟಿಸಿಯೇ ಹಾರೋದು, ಗುರಿ ತಪ್ಪಿದ್ರೆ ಆ ಎಳೆ ಹಿಡ್ಕೊಂಡು ಮತ್ತೆ ಮೇಲೆ ಬರುತ್ತೆ.

ಈ ಮೂರರಲ್ಲಿ ಯಾವುದೂ ತಾನಾಗೇ ಬಂದು ಕಚ್ಚಲ್ಲ. ವಿಷ ಹೆಚ್ಚುಕಮ್ಮಿ ಎಲ್ಲ ಜೇಡಕ್ಕೂ ಇರುತ್ತೆ, ಆದ್ರೆ ಅದು ಹುಳ ಹಿಡಿಯೋಕೆ ಇರೋದು. ಪ್ರಪಂಚದಲ್ಲಿ ಗುರುತಿಸಿರೋ ಜೇಡದ ಜಾತಿಗಳು 2022ರಲ್ಲೇ 50,000 ದಾಟಿದೆ, ಅದರಲ್ಲಿ ಮನುಷ್ಯರಿಗೆ ನಿಜವಾಗ್ಲೂ ಅಪಾಯ ಮಾಡೋದು ತೀರ ಕಮ್ಮಿ. ಆ ದೊಡ್ಡ ಜೇಡನ ಕೈಯಲ್ಲಿ ಅದುಮಿದ್ರೆ ಕಚ್ಚಬಹುದು, ಜೇನು ಕುಟುಕಿದಷ್ಟು ನೋವು, ಸೋಪು ನೀರಲ್ಲಿ ತೊಳೆದು ತಣ್ಣೀರು ಬಟ್ಟೆ ಇಡಿ. ಊತ ಏರ್ತಾ ಹೋದ್ರೆ, ಜ್ವರ ಬಂದ್ರೆ, ಅದರಲ್ಲೂ ಚಿಕ್ಕ ಮಕ್ಕಳಿಗೆ ಆದ್ರೆ, ಸುಣ್ಣ ಹಚ್ಚಿಕೊಂಡು ಕೂರಬೇಡಿ, ಡಾಕ್ಟರ ಹತ್ರ ಹೋಗಿ. ಇನ್ನೊಂದು, ಗಾಯಕ್ಕೆ ಜೇಡರ ಬಲೆ ಒತ್ತೋ ಹಳೇ ಅಭ್ಯಾಸ ಬಿಟ್ಟುಬಿಡಿ, ಬಲೇಲಿ ಎಷ್ಟು ಧೂಳು ಇರುತ್ತೋ ಅಷ್ಟೂ ಗಾಯದೊಳಗೆ ಹೋಗುತ್ತೆ.

ಜೇಡದ ಮೇಲೆ ಸುಮ್ಮನೆ ಬಂದಿರೋ ದೊಡ್ಡ ಅಪವಾದ ಅಂದ್ರೆ ಜೇಡ ಉಚ್ಚೆ ಹೊಯ್ದು ಬೊಬ್ಬೆ ಬಂತು ಅನ್ನೋದು. ಮಳೆಗಾಲದಲ್ಲಿ ರಾತ್ರಿ ಮಲಗಿ ಎದ್ದು ಒಂದೆರಡು ದಿನಕ್ಕೆ ಕತ್ತು, ಮುಖ, ತೋಳಿನ ಮೇಲೆ ಗೀರು ಎಳೆದ ಹಂಗೆ ಕೆಂಪಗಾಗಿ ಉರಿ ಬಂದು ಗುಳ್ಳೆ ಏಳುತ್ತಲ್ಲ, ಅದು ಜೇಡದ್ದಲ್ಲ ಕಣ್ರೀ. ಪೆಡೆರಸ್ ಅಂತ ಒಂದು ಸಣ್ಣ ಜೀರುಂಡೆ ಜಾತಿ ಹುಳ ಇದೆ, ಕಪ್ಪು ಕೇಸರಿ ಬಣ್ಣ, ನೋಡೋಕೆ ದೊಡ್ಡ ಇರುವೆ ಅನ್ನಿಸುತ್ತೆ, ಟ್ಯೂಬ್‌ಲೈಟ್ ಬೆಳಕಿಗೆ ಬರುತ್ತೆ. ಅದು ಕಚ್ಚೋದೂ ಇಲ್ಲ, ಮೈ ಮೇಲೆ ಕೂತಾಗ ನಾವು ಅರಿವಿಲ್ಲದೆ ಉಜ್ಜಿಬಿಡ್ತೀವಿ, ಅದರ ಮೈಯೊಳಗಿನ ರಸ ಚರ್ಮಕ್ಕೆ ತಾಗಿ ಸುಡುತ್ತೆ. ಕಣ್ಣಿನ ಹತ್ರ ಆದ್ರೆ ತುಂಬ ತೊಂದರೆ. ಹುಳ ಕೂತಿದ್ರೆ ಉಫ್ ಅಂತ ಊದಿ ಹಾರಿಸಿ, ಹಿಸುಕಬೇಡಿ, ಹಿಸುಕಿಹೋದ್ರೆ ತಕ್ಷಣ ಸೋಪು ಹಾಕಿ ಚೆನ್ನಾಗಿ ತೊಳೀರಿ, ಆ ಕೈ ಕಣ್ಣಿಗೆ ಮುಟ್ಟಿಸಬೇಡಿ, ಮಲಗೋ ಮುಂಚೆ ಹಾಸಿಗೆ ಒಂದ್ಸಲ ಕೊಡವಿ. ಈ ಒಂದು ತಪ್ಪು ತಿಳುವಳಿಕೆಗೆ ಎಷ್ಟು ಜೇಡಗಳು ಪ್ರಾಣ ಬಿಟ್ಟಿವೆ ಅಂತ ನೆನೆಸ್ಕೊಂಡ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ.

ಇನ್ನು ಬಲೆ ತೆಗೆಯೋ ವಿಷಯ. ಒಣ ಪೊರಕೆ ತಗೊಂಡು ಗೋಡೆಗೆ ಪಟಪಟ ಬಡಿಯೋದು ಎಲ್ಲರೂ ಮಾಡೋದು, ಬಲೆ ಗೋಡೆಗೇ ಮೆತ್ಕೊಂಡು ಡಿಸ್ಟೆಂಪರ್ ಮೇಲೆ ಕಪ್ಪು ಗೀಟು ಬೀಳುತ್ತೆ, ಆಮೇಲೆ ಪೇಂಟೇ ಹೊಡೆಸಬೇಕು. ಅದರ ಬದಲು ಉದ್ದ ಕೋಲಿಗೆ ಹಳೇ ಕಾಟನ್ ಬನಿಯನ್ನೋ ಟವಲ್ಲೋ ಸಡಿಲವಾಗಿ ಸುತ್ತಿ ದಾರ ಕಟ್ಟಿ, ಒಂಚೂರು ತೇವ ಮಾಡಿ, ಹಿಂಡಿ, ನೀರು ತೊಟ್ಟಿಕ್ಕಬಾರದು, ಮೂಲೆಗೆ ಇಟ್ಟು ಕೋಲನ್ನ ತಿರುಗಿಸ್ತಾ ಬನ್ನಿ, ಹಸಿ ದಾರ ಕದಿರಿಗೆ ಸುತ್ತಿದ ಹಾಗೆ ಬಲೆ ಅದಕ್ಕೇ ಸುತ್ತಿಕೊಂಡು ಬರುತ್ತೆ, ಎಳೀಬೇಡಿ ಒರೆಸಬೇಡಿ. ಫ್ಯಾನ್ ಆಫ್ ಮಾಡಿ, ಒಲೆ, ನೀರಿನ ಫಿಲ್ಟರ್, ಅನ್ನದ ಪಾತ್ರೆ ಮೇಲೆ ಬಟ್ಟೆ ಮುಚ್ಚಿ, ಮೂಗಿಗೆ ಒಂದು ಬಟ್ಟೆ ಕಟ್ಕೊಳ್ಳಿ, ಅಲರ್ಜಿ ಇರೋರು ಇದಕ್ಕೆ ಕೈ ಹಾಕಲೇಬೇಡಿ. ಸ್ವಿಚ್‌ಬೋರ್ಡು, ಟ್ಯೂಬ್‌ಲೈಟ್ ಪಟ್ಟಿ ಹತ್ರ ಮಾತ್ರ ತೇವದ ಬಟ್ಟೆ ಬೇಡ, ಅಲ್ಲಿ ಒಣ ಬ್ರಷ್ಷು. ದೇವರ ಫೋಟೋ ಹಿಂದೆ, ಕರ್ಟನ್ ರಾಡ್ ಮೇಲೆ, ವಾಷಿಂಗ್ ಮೆಷಿನ್ ಹಿಂದೆ, ಯುಪಿಎಸ್ ಬ್ಯಾಟರಿ ಸುತ್ತ, ಇಷ್ಟು ಜಾಗ ಯಾರೂ ನೋಡಲ್ಲ, ಬಲೆ ಇರೋದೇ ಅಲ್ಲಿ. ಹಬ್ಬಕ್ಕೆ ಅಂತ ಕಾಯದೆ ವಾರಕ್ಕೊಂದ್ಸಲ ಹತ್ತು ನಿಮಿಷ ಕೋಲು ಆಡಿಸಿದ್ರೆ ಸಾಕು.

ಜೇಡನ ಹೊರಗೆ ಸಾಗಿಸೋಕೆ ಗಾಜಿನ ಹಾರ್ಲಿಕ್ಸ್ ಬಾಟ್ಲಿಯಂಥ ಅಗಲ ಬಾಯಿದು ಒಂದು, ಗಟ್ಟಿ ಮದುವೆ ಕಾರ್ಡ್ ಒಂದು, ಇವೆರಡನ್ನ ಅಡುಗೆಮನೆ ಡ್ರಾಯರಲ್ಲಿ ಇಟ್ಟಿರಿ. ಸ್ಟೀಲ್ ಡಬ್ಬಿ ಬೇಡ, ಒಳಗೆ ಎಲ್ಲಿದೆ ಅಂತ ಕಾಣದಿದ್ರೆ ಹಿಡಿಯೋರಿಗೆ ಕೈ ನಡುಗುತ್ತೆ. ನಿಧಾನವಾಗಿ ಬಾಟ್ಲಿ ಮುಚ್ಚಿ, ಕಾರ್ಡನ್ನ ಗೋಡೆಗೆ ತಾಗಿಸ್ಕೊಂಡೇ ಕೆಳಗಿಂದ ಸರಿಸಿ, ಕಾಲು ಸಿಕ್ಕಿಹಾಕ್ಕೋಬಾರದು, ಆ ದೊಡ್ಡ ಜೇಡಕ್ಕೆ ಬಾಟ್ಲಿ ಸಾಲದಿದ್ರೆ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಗಿಡದ ಕುಂಡದ ಹತ್ರ, ಕಾಂಪೌಂಡ್ ಮೂಲೇಲಿ ಬಿಟ್ಟು ಬನ್ನಿ. ಸ್ಪ್ರೇ ಹೊಡೆದು ಏನೂ ಲಾಭ ಇಲ್ಲ, ನೇರ ಮೈ ಮೇಲೆ ಬಿದ್ರೆ ಸಾಯುತ್ತೆ ಅಷ್ಟೇ, ಗೋಡೆಗೆ ಹೊಡೆದಿದ್ದನ್ನ ಅದು ಉದ್ದ ಕಾಲಲ್ಲಿ ದಾಟ್ಕೊಂಡು ಹೋಗುತ್ತೆ, ಆ ವಾಸನೆ ಕುಡಿಯೋದು ಮನೇಲಿರೋ ಮಕ್ಕಳು ಮುದುಕರು.

ಜೇಡ ಯಾಕೆ ಬಂತು ಅಂತ ಯೋಚನೆ ಮಾಡಿ, ಊಟ ಇದೆ ಅಂತ ಬಂತು. ಬಾಗಿಲ ಮೇಲೆ ರಾತ್ರಿಯೆಲ್ಲ ಬಿಳಿ ಲೈಟ್ ಉರಿಸಿದ್ರೆ ಹುಳ ಬರುತ್ತೆ, ಹುಳದ ಹಿಂದೆ ಜೇಡ ಬರುತ್ತೆ. ಅಲ್ಲಿ ಹಳದಿ ಬಲ್ಬ್ ಹಾಕಿ, ಬೇಡದಾಗ ಆರಿಸಿ. ಕಿಟಕಿಗೆ ಮೆಶ್, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಹಳೇ ಪೇಪರು ಅಟ್ಟೆಪೆಟ್ಟಿಗೆ ರಾಶಿ ಹಾಕ್ಬೇಡಿ, ಸಿಂಕಲ್ಲಿ ಎಂಜಲು ಪಾತ್ರೆ ರಾತ್ರಿ ಬಿಡಬೇಡಿ, ಜಿರಲೆ ಕಮ್ಮಿ ಆದ್ರೆ ದೊಡ್ಡ ಜೇಡ ತಾನೇ ಬೇರೆ ಕಡೆ ಹೋಗುತ್ತೆ. ಹಂಗಂತ ಮನೇಲಿ ಜೇಡ ಇದೆ ಸೊಳ್ಳೆ ಅದೇ ನೋಡ್ಕೊಳ್ಳುತ್ತೆ ಅಂತ ಡೆಂಗಿ ಕಾಲದಲ್ಲಿ ಸುಮ್ನೆ ಇರಬೇಡಿ, ಡ್ರಮ್ಮು ಕುಂಡದ ತಟ್ಟೆ ನೀರು ನಾವೇ ಚೆಲ್ಲಬೇಕು. ಬಾಗಿಲ ಹೊರಗೆ ಬಿಟ್ಟ ಶೂ, ಗಾಡಿ ಮೇಲೆ ಇಟ್ಟ ಹೆಲ್ಮೆಟ್ ಹಾಕ್ಕೊಳ್ಳೋ ಮುಂಚೆ ತಟ್ಟಿ ನೋಡೋದು ಅಭ್ಯಾಸ ಮಾಡ್ಕೊಳ್ಳಿ, ಗಾಡಿ ಓಡಿಸ್ವಾಗ ಹೆಲ್ಮೆಟ್ ಒಳಗೆ ಏನಾದ್ರೂ ಹರಿದಾಡಿದ್ರೆ ಅಪಾಯ ಜೇಡದಿಂದಲ್ಲ, ಗಾಬರಿಯಿಂದ.

ಕೊನೆಗೆ ಭಯದ ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಮಕ್ಕಳಿಗೆ ಈ ಭಯ ಎಷ್ಟೋ ಸಲ ನಮ್ಮಿಂದಾನೇ ಬರೋದು, ನಾವು ಕಿರುಚಿದ್ದು ನೋಡಿ ಅವೂ ಕಿರುಚ್ತವೆ. ನನ್ನ ಮೊಮ್ಮಗಳು ಹಂಗೇ ಇದ್ಲು, ಅವಳನ್ನ ಎಳ್ಕೊಂಡು ಹೋಗಿ ತೋರಿಸಲಿಲ್ಲ, ಪುಟ್ಟಿ ನೀನು ಬಾಗಿಲ ಹತ್ರಾನೇ ನಿಂತ್ಕೋ, ಆ ಹಾರೋ ಜೇಡ ಏನ್ ಮಾಡ್ತಿದೆ ಅಜ್ಜಿಗೆ ಹೇಳು, ನನಗೆ ಕಣ್ಣು ಕಾಣಲ್ಲ ಅಂದೆ. ದಿನಾ ಒಂದೊಂದು ಹೆಜ್ಜೆ ಅವಳೇ ಹತ್ತಿರ ಬಂದ್ಲು, ಈಗ ನೊಣ ಹಿಡೀತು ಅಜ್ಜೀ ಅಂತ ಓಡಿ ಬರ್ತಾಳೆ, ದೊಡ್ಡ ಜೇಡ ಕಂಡ್ರೆ ಮಾತ್ರ ಇನ್ನೂ ದೂರ, ಇರ್ಲಿ ಬಿಡಿ. ದೊಡ್ಡೋರಲ್ಲೂ ಕೆಲವರಿಗೆ ನೋಡಿದ್ರೆ ಮೈ ಬೆವರಿ ಉಸಿರು ಸಿಕ್ಕಿಹಾಕ್ಕೊಳ್ಳೋ ಅಷ್ಟು ಹೆದರಿಕೆ ಇರುತ್ತೆ, ಅದು ನಾಟಕ ಅಲ್ಲ, ಪ್ಲಾಸ್ಟಿಕ್ ಜೇಡ ಎಸೆದು ನಗೋದು ತಪ್ಪು. ಮನೋವೈದ್ಯರ ಹತ್ರ ಇದಕ್ಕೆ ಚಿಕಿತ್ಸೆ ಇದೆ, ಮೊದಲು ಚಿತ್ರ, ಆಮೇಲೆ ದೂರದಿಂದ, ಹಿಂಗೆ ನಿಧಾನವಾಗಿ ರೂಢಿ ಮಾಡಿಸ್ತಾರೆ, ತುಂಬ ಜನಕ್ಕೆ ವಾಸಿ ಆಗುತ್ತೆ. ಆಮೇಲೆ ನಿಮ್ಮ ಮನೆ ಕೆಲಸಕ್ಕೆ ಬರೋ ಹೆಂಗಸರಿಗೂ ಇದೇ ಭಯ ಇರಬಹುದು, ಹೇಳ್ಕೊಳ್ಳಲ್ಲ ಅಷ್ಟೇ, ಸ್ಟೂಲ್ ಹತ್ತಿಸಿ ಸಜ್ಜೆ ಮೇಲಿಂದು ನೀನೇ ತೆಗಿ ಅನ್ನೋ ಮುಂಚೆ ಒಂದು ಮಾತು ಕೇಳಿ, ಆಗಲ್ಲ ಅಂದ್ರೆ ಕೋಲು ನೀವು ಹಿಡೀರಿ, ಅವರು ಸ್ಟೂಲ್ ಹಿಡ್ಕೊಳ್ಳಲಿ.