ಹೃದಯದ ಕೋಶದಲ್ಲಿ ಅಯಾನು ಸಾಗಿಸುವ ಪ್ರೋಟೀನುಗಳ ನೆಲೆ ಗುರುತಿಸುವುದು ಹೇಗೆ?

ಹೃದಯ ಒಮ್ಮೆ ಬಡಿಯಬೇಕಾದರೆ ಅದರ ಸ್ನಾಯುಕೋಶದ ಒಳರಸಕ್ಕೆ ಕ್ಯಾಲ್ಸಿಯಂ ಅಯಾನು, ಅಂದರೆ ವಿದ್ಯುದಂಶ ಹೊತ್ತ ಕಣ, ನುಗ್ಗಬೇಕು, ಮರುಗಳಿಗೆಯಲ್ಲೇ ಅಲ್ಲಿಂದ ತೆರವಾಗಬೇಕು. ಈ ಕೆಲಸ ಮಾಡುವ ಪ್ರೋಟೀನುಗಳು ಎಲ್ಲಿ ನೆಲೆಸಿವೆ ಎಂದು ತಿಳಿಯದೆ ಅವು ಎಷ್ಟಿವೆ ಎಂದು ಎಣಿಸಿ ಹೆಚ್ಚು ಪ್ರಯೋಜನವಿಲ್ಲ.

ಮೊದಲು ಕೋಶಗಳನ್ನು ಬಿಡಿಸಿಕೊಳ್ಳಬೇಕು. ಪ್ರಯೋಗಪ್ರಾಣಿಯ ಹೃದಯದ ಮಹಾಪಧಮನಿಗೆ ನಳಿಕೆ ಜೋಡಿಸಿ, ಕ್ಯಾಲ್ಸಿಯಂ ಇಲ್ಲದ ದ್ರಾವಣವನ್ನೂ ಬಳಿಕ ಕೊಲ್ಯಾಜಿನೇಸ್ ಕಿಣ್ವವನ್ನೂ ಹಾಯಿಸಿದರೆ ಅಂಗಾಂಶ ಸಡಿಲಗೊಂಡು, ಸುಮಾರು 100ರಿಂದ 150 ಮೈಕ್ರೋಮೀಟರ್ ಉದ್ದದ ಕೋಶಗಳು ಬಿಡಿಬಿಡಿಯಾಗಿ ಸಿಗುತ್ತವೆ. ಹೀಗೆ ಬಿಡಿಸುವಾಗ ಕೋಶಗಳ ನಡುವಿನ ಬೆಸುಗೆಯಾದ ಇಂಟರ್‌ಕ್ಯಾಲೇಟೆಡ್ ಡಿಸ್ಕ್ ಹರಿದುಹೋಗುತ್ತದೆ. ಆದ್ದರಿಂದ ಅಲ್ಲಿ ನೆಲೆಸಿ ಅಕ್ಕಪಕ್ಕದ ಕೋಶಗಳನ್ನು ಜೋಡಿಸುವ ಕನೆಕ್ಸಿನ್ 43 ಎಂಬ ಪ್ರೋಟೀನನ್ನು ನೋಡಬೇಕೆನ್ನುವವರು ಅಂಗಾಂಶದ ತೆಳು ಸೀಳನ್ನೇ ಬಳಸುವುದು ಒಳ್ಳೆಯದು.

ಕೋಶಗಳನ್ನು ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ ಸ್ಥಿರಗೊಳಿಸಿ, ಟ್ರೈಟಾನ್‌ನಿಂದ ಪೊರೆಯಲ್ಲಿ ರಂಧ್ರ ಮಾಡಿ, ಬೇಕಾದ ಪ್ರೋಟೀನನ್ನು ಹಿಡಿಯುವ ಪ್ರತಿಕಾಯದಲ್ಲಿ ರಾತ್ರಿಯಿಡೀ ಇರಿಸಿ, ಮರುದಿನ ಹೊಳೆಯುವ ಬಣ್ಣ ಹೊತ್ತ ಎರಡನೆಯ ಪ್ರತಿಕಾಯವನ್ನು ಸೇರಿಸಬೇಕು. ಜೊತೆಗೆ ಕೋಶದ ಕುಗ್ಗುವ ಘಟಕಗಳ ನಡುವಿನ ಗಡಿಯಾದ ಜ಼ೆಡ್ ರೇಖೆಯಲ್ಲಿರುವ ಪ್ರೋಟೀನು ಆಲ್ಫಾ ಆಕ್ಟಿನಿನ್‌ಗೂ ಬೇರೆ ಬಣ್ಣ ಕೊಡಲೇಬೇಕು; ಈ ಗಡಿಕಲ್ಲು ಇಲ್ಲದಿದ್ದರೆ ಕಂಡ ಚುಕ್ಕೆ ಎಲ್ಲಿಯದೆಂದು ಹೇಳಲಾಗದು.

ಕಾನ್‌ಫೋಕಲ್ ಸೂಕ್ಷ್ಮದರ್ಶಕದ ನಾಭಿಯನ್ನು ಕುಹರದ (ಹೃದಯದ ಕೆಳಕೋಣೆಯ) ಕೋಶದ ನಡುಮಟ್ಟಕ್ಕೆ ಇಳಿಸಿದಾಗ, ಹೊರಗಿನ ಕ್ಯಾಲ್ಸಿಯಂ ಅನ್ನು ಒಳಬಿಡುವ ಎಲ್ ಮಾದರಿಯ ಕ್ಯಾಲ್ಸಿಯಂ ಕಾಲುವೆಗಳು ಸುಮಾರು 2 ಮೈಕ್ರೋಮೀಟರಿಗೊಂದರಂತೆ ಅಡ್ಡಗೆರೆಗಳಾಗಿ ಬೆಳಗುತ್ತವೆ. ಹೊರಪೊರೆ ಜ಼ೆಡ್ ರೇಖೆಯ ಬಳಿ ಒಳಮುಖವಾಗಿ ಮಡಿಸಿಕೊಂಡು ಉಂಟಾದ ಟಿ-ನಾಳಗಳಲ್ಲಿ ಅವು ಸಾಲುಗಟ್ಟಿರುವುದೇ ಇದಕ್ಕೆ ಕಾರಣ. ಒಳಗಿನ ಕ್ಯಾಲ್ಸಿಯಂ ಉಗ್ರಾಣದಿಂದ ಕ್ಯಾಲ್ಸಿಯಂ ಹೊರಬಿಡುವ ಬಾಗಿಲುಗಳಾದ ರಯಾನೊಡಿನ್ ಗ್ರಾಹಕಗಳೂ ಅದೇ ಗೆರೆಗಳ ಮೇಲೆ ಕಾಣುತ್ತವೆ. ಸೋಡಿಯಂ ಕಾಲುವೆಗಳು ಕೋಶದ ಎರಡೂ ತುದಿಗಳಲ್ಲಿ ದಟ್ಟವಾಗಿರುತ್ತವೆ.

ಪ್ರತಿಕಾಯವನ್ನು ಕುರುಡಾಗಿ ನಂಬುವಂತಿಲ್ಲ. ಮೊದಲ ಪ್ರತಿಕಾಯವನ್ನು ಬಿಟ್ಟ ಒಂದು ಮಾದರಿಯನ್ನೂ, ಸಾಧ್ಯವಾದರೆ ಆ ಪ್ರೋಟೀನೇ ಇಲ್ಲದ ಪ್ರಾಣಿಯ ಕೋಶವನ್ನೂ ಜೊತೆಯಲ್ಲೇ ಪರೀಕ್ಷಿಸಬೇಕು. ಅಲ್ಲಿಯೂ ಗೆರೆ ಕಂಡರೆ ಆ ಚಿತ್ರವನ್ನು ಕೈಬಿಡುವುದೇ ಸರಿ.

ಎರಡು ಬಣ್ಣಗಳು ಬೆರೆತು ಕಂಡಾಕ್ಷಣ ಎರಡು ಪ್ರೋಟೀನುಗಳು ಒಂದನ್ನೊಂದು ಮುಟ್ಟಿವೆ ಎಂದು ಬರೆದುಬಿಡುವ ತಪ್ಪು ಬಹಳ ಸಾಮಾನ್ಯ. ಈ ಸೂಕ್ಷ್ಮದರ್ಶಕ ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದ ಬಿಂದುಗಳನ್ನು ಬೇರ್ಪಡಿಸಲಾರದು. ಟಿ-ನಾಳಕ್ಕೂ ಉಗ್ರಾಣಕ್ಕೂ ನಡುವಿನ ಸಂದು ಕೇವಲ 12ರಿಂದ 15 ನ್ಯಾನೋಮೀಟರ್. ಅದನ್ನು ನೋಡಲು ಪ್ರತಿಕಾಯಕ್ಕೆ ಚಿನ್ನದ ಸೂಕ್ಷ್ಮಕಣ ಅಂಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೊರೆಹೋಗಬೇಕು.

ಚಿತ್ರದಲ್ಲಿ ಕಂಡ ಪ್ರೋಟೀನು ಅಲ್ಲಿ ಕೆಲಸವನ್ನೂ ಮಾಡುತ್ತಿದೆಯೇ ಎಂಬುದನ್ನು ಜೀವಂತ ಕೋಶದಲ್ಲಿ ಅಳೆಯಬೇಕು. ಫಾರ್ಮಮೈಡ್ ಹಾಕಿ ತೊಳೆದಾಗ ಟಿ-ನಾಳಗಳು ಹೊರಪೊರೆಯಿಂದ ಕಡಿದುಹೋಗುತ್ತವೆ. ಇಲಿಯ ಕುಹರದ ಕೋಶದಲ್ಲಿ ಆಗ ಕ್ಯಾಲ್ಸಿಯಂ ವಿದ್ಯುತ್ ಪ್ರವಾಹವು ಪೊರೆಯ ವಿಸ್ತಾರ ಕುಗ್ಗಿದ್ದಕ್ಕಿಂತ ಎಷ್ಟೋ ಹೆಚ್ಚಿನ ಪ್ರಮಾಣದಲ್ಲಿ ಇಳಿಯುತ್ತದೆ. ಅಂದರೆ ಕೆಲಸ ಮಾಡುವ ಕ್ಯಾಲ್ಸಿಯಂ ಕಾಲುವೆಗಳೂ ಟಿ-ನಾಳಗಳಲ್ಲೇ ದಟ್ಟವಾಗಿವೆ.